ಭಾವ ತೊಳೆಯದ ಮಬ್ಬು

ನಮ್ಮ ಭಾವನಿಗೆ ಕೆಲಸದವರು ಇಟ್ಟ ಅಡ್ಡಹೆಸರು ಮಬ್ಬುರಾಯ. ಎಪಾಕ್ಸಿ ನೆಲ ಹಾಕುವುದು ಅವರ ಕಸುಬು. ಎರಡು ಡಬ್ಬಿಯ ದ್ರಾವಣ ಬೆರೆಸಿ ಸಿಮೆಂಟಿನ ಮೇಲೆ ಸುರಿದು ಹರಡಿದರೆ, ಗಟ್ಟಿಯಾದ ಮೇಲೆ ಅದರಲ್ಲಿ ಮುಖ ಕಾಣಬೇಕು. ಹಾಗಾಗದೆ ಹಾಲು ಚೆಲ್ಲಿ ಒರೆಸಿದ ಹಾಗೆ ಬೆಳ್ಳಗಾದರೆ ಅದೇ ಮಬ್ಬು. ಅದು ಕಂಡ ದಿನ ಭಾವನಿಗೆ ಊಟ ಸೇರುತ್ತಿರಲಿಲ್ಲ. ನನ್ನ ಗಂಡ ಅವರ ತಮ್ಮ, ಅದೇ ಕೆಲಸದಲ್ಲಿ ಜೊತೆಗಾರ. ನನ್ನ ಗಂಡನ ಸಾವಿಗೆ ಯಾವ ಹೆಸರು ಉಳಿಯಬೇಕು ಎನ್ನುವುದು ಒಂದು ಬೆಳಿಗ್ಗೆ ಈ ಭಾವನ ಕೈಯಲ್ಲಿತ್ತು.

ಅವರ ಪಾಠವೆಲ್ಲ ನನಗೂ ಬಾಯಿಗೆ ಬಂದಿತ್ತು. ನನ್ನ ಗಂಡ ದಿನವೂ ಮನೆಗೆ ಬಂದು, ಅಣ್ಣನಂತೆ ಸೊಂಟದ ಮೇಲೆ ಕೈಯಿಟ್ಟು ಅದನ್ನೇ ಒಪ್ಪಿಸಿ ನನ್ನನ್ನು ನಗಿಸುತ್ತಿದ್ದರಲ್ಲ! ಹಸಿ ನೆಲಕ್ಕೆ ಚಳಿ ಆಗದು, ತೇವವಂತೂ ಆಗಲೇ ಆಗದು. ಗೋಡೆ ಮುಟ್ಟಿದಾಗ ಕೈ ಪಸೆಯಾದರೆ ಡಬ್ಬಿಯ ಮುಚ್ಚಳ ತೆಗೆಯಬಾರದು. ಕೋಣೆ ಬೆಚ್ಚಗಾಗಿಸಲು ಕರೆಂಟಿನ ಹೀಟರೇ ಬೇಕು; ಗ್ಯಾಸಿನ ಒಲೆ ಉರಿಯುತ್ತಾ ಗಾಳಿಗೆ ನೀರಿನ ಪಸೆ ಬಿಡುತ್ತದೆ, ಅದು ಸುತರಾಂ ಕೂಡದು. ಇಷ್ಟು ಮಾಡಿಯೂ ಮಬ್ಬು ಬಂದರೆ ಸೋಪು ಹಾಕಿದ ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ ಹೊಸ ಪದರ ಹಾಕಬೇಕು. “ತೊಳೀದೇ ಉಜ್ಜಿದ್ರೆ ಕೊಳೆ ಒಳಗೇ ಸೇರ್ಕೊಳತ್ತೆ ಕಣ್ರೋ” ಎಂದು ಭಾವ ಕೂಗುವುದು ಬೀದಿಗೆಲ್ಲ ಕೇಳಿಸುತ್ತಿತ್ತಂತೆ.

ಅಂಥ ಮನುಷ್ಯ ಒಮ್ಮೆ ಮಾತ್ರ ಸೋತರು. ಔಷಧಿ ಗೋದಾಮಿನ ನೆಲಮಾಳಿಗೆಯ ಕೆಲಸ, ಕೊರೆಯುವ ಚಳಿ. ಬಾಗಿಲ ಕಡೆಯ ಪಟ್ಟಿಯನ್ನು ಹಿಂದಿನ ದಿನವೇ ಹಾಕಿದ್ದರು, ಅದು ನಡೆಯುವಷ್ಟು ಗಟ್ಟಿಯಾಗಿತ್ತು, ಪೂರ್ತಿ ಒಣಗಿರಲಿಲ್ಲ. ಉಳಿದದ್ದನ್ನು ಸುರಿದು ಮುಗಿಸುವ ಹೊತ್ತಿಗೆ ಮಾಲೀಕ ಮಾತು ಕೊಟ್ಟಿದ್ದ ಕರೆಂಟಿನ ಹೀಟರ್ ಬರಲಿಲ್ಲ, ಗ್ಯಾಸಿನ ಒಲೆ ಬಂತು. ಹಚ್ಚದಿದ್ದರೆ ಚಳಿಗೆ ನೆಲ ಕೆಡುತ್ತದೆ, ಹಚ್ಚಿದರೆ ಪಸೆಗೆ ಕೆಡುತ್ತದೆ. ಅತ್ತ ದರಿ, ಇತ್ತ ಪುಲಿ. ಭಾವ ಗೊಣಗುತ್ತಲೇ ಹಚ್ಚಿದರು. ಒಲೆ ನೋಡಿಕೊಳ್ಳಲು ನನ್ನ ಗಂಡ ರಾತ್ರಿ ಆ ಪಟ್ಟಿಯ ಮೇಲೆ ಒಳಗೇ ಉಳಿದರು.

“ಬಾಗಿಲ ಸಂದಿಗೆ ಹೊರಗಿಂದ ಟೇಪ್ ಹಚ್ಚಿ ಹೋಗಣ್ಣ” ಎಂದರಂತೆ. “ಒಂದು ಕೂದಲು ಹಾರಿ ಬಂದು ಹಸಿ ನೆಲಕ್ಕೆ ಅಂಟಿದ್ರೂ ನಿನ್ನ ಬೈಗುಳ ನಾನೇ ತಿನ್ಬೇಕು.”

ಇಬ್ಬರೂ ನಕ್ಕರಂತೆ. ಭಾವ ಟೇಪ್ ಹಚ್ಚಿ ಹೋದರು. ಒಲೆ ನೆಲ ಕೆಡಿಸುತ್ತದೆಂದು ಅವರಿಗೆ ಗೊತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಅದರ ಗಾಳಿ ಮನುಷ್ಯನನ್ನೇ ಕೊಲ್ಲುತ್ತದೆಂದು ಅವರೂ ಯೋಚಿಸಲಿಲ್ಲ, ನನ್ನ ಗಂಡನೂ ಯೋಚಿಸಲಿಲ್ಲ.

ಬೆಳಿಗ್ಗೆ ಟೇಪ್ ಕಿತ್ತಾಗ ನನ್ನ ಗಂಡ ಬಾಗಿಲ ಪಕ್ಕದ ಪಟ್ಟಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದರು, ಒಂದು ಕೈ ಬಾಗಿಲ ಕಡೆಗೆ ಚಾಚಿಕೊಂಡಿತ್ತು. ನೆಲವೆಲ್ಲ ಬೆಳ್ಳಗೆ ಮಬ್ಬು. ದೇಹವನ್ನು ಎತ್ತಿದಾಗ ಅದರ ಅಡಿಯಲ್ಲಿ ಮಾತ್ರ ನೆಲ ಹೊಳೆಯುತ್ತಿತ್ತು, ತಲೆ, ಹೆಗಲು, ಚಾಚಿದ ಕೈ ಎಲ್ಲ ಗುರುತು ಹಿಡಿಯುವ ಹಾಗೆ.

ನಾನು ಓಡಿಹೋಗುವಷ್ಟರಲ್ಲಿ ಮಾಲೀಕ ಒಲೆಯನ್ನು ಸಾಗಿಸಿಯಾಗಿತ್ತು. “ಕುಡಿದು ಮಲಗಿದ್ದಾನೆ, ಹೃದಯ ನಿಂತಿದೆ” ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ನನ್ನ ಗಂಡ ಅಪರೂಪಕ್ಕೆ ಕುಡಿಯುತ್ತಿದ್ದದ್ದು ನಿಜ. ಒಮ್ಮೆ ಕುಡುಕ ಅನಿಸಿಕೊಂಡವನ ಸಾವನ್ನು ಯಾರು ವಿಚಾರಿಸುತ್ತಾರೆ?

ಮಾಲೀಕ ಭಾವನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. “ಸೋಪಿನ ನೀರಲ್ಲಿ ಹೋಗತ್ತೆ ಅಂತ ನೀನೇ ಹೇಳ್ತಿದ್ಯಲ್ಲ? ಪೊಲೀಸರು ಬರೋದ್ರೊಳಗೆ ತೊಳೆದುಬಿಡು. ಟೇಪ್ ಹಚ್ಚಿದವನು ನೀನು, ಮರೀಬೇಡ.”

ಬಕೆಟ್ ತುಂಬಿ ಇಟ್ಟಿದ್ದರು, ನೀರು ಹಬೆಯಾಡುತ್ತಿತ್ತು. ಭಾವ ಅದನ್ನೇ ನೋಡುತ್ತಾ ನಿಂತರು. ಜೀವಮಾನವಿಡೀ ಮಬ್ಬು ಕಂಡರೆ ತೊಳೆದ ಕೈ ಅದು.

“ಭಾವ, ಅವರ ಹೆಸರನ್ನೂ ತೊಳೆದುಬಿಡ್ತೀರಾ?” ಎಂದು ಕಿರುಚಿದೆ.

ಅವರು ಬಕೆಟ್ ಎತ್ತಿ ಹೊರಗಿನ ಚರಂಡಿಗೆ ಸುರಿದು, ಬಾಗಿಲಿಗೆ ಅಡ್ಡ ಕೂತರು. ಇನ್ಸ್‌ಪೆಕ್ಟರ್ ಬಂದ ಮೇಲೆಯೇ ಎದ್ದದ್ದು.

“ಕುಡಿದು ಸತ್ರೆ ನೆಲ ಬೆಳ್ಳಗಾಗಲ್ಲ ಸ್ವಾಮಿ. ಇದು ಗ್ಯಾಸ್ ಒಲೆ ಮಬ್ಬು. ಈ ಹೊಳೆಯೋ ಜಾಗ ನನ್ನ ತಮ್ಮ ಬಿದ್ದಿದ್ದು.”

“ಒಲೆ ಯಾರದು?”

“ಕಳಿಸಿದ್ದು ಮಾಲೀಕರು. ಹಚ್ಚಿದ್ದು ನಾನು.”

“ಬಾಗಿಲಿಗೆ ಟೇಪ್?”

ಭಾವ ಟೇಪಿನ ಸುರುಳಿಯನ್ನು ಜೇಬಿನಿಂದ ತೆಗೆದು ಅವರ ಕೈಗೆ ಕೊಟ್ಟರು. “ನಾನೇ” ಎಂದರು.

ನನ್ನ ಗಂಡನ ಹೊಟ್ಟೆಯಲ್ಲಿ ಹೆಂಡದ ಹನಿಯೂ ಇರಲಿಲ್ಲ, ರಕ್ತದ ತುಂಬ ಒಲೆಯ ವಿಷವಿತ್ತು ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ಮಾಲೀಕ ದೊಡ್ಡ ವಕೀಲನನ್ನು ಹಿಡಿದು ಪಾರಾದ. ಭಾವ ಜೈಲಿಗೆ ಹೋಗಿ ಬಂದರು, ಈಗ ಅವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನನ್ನ ಗಂಡ ಕುಡಿದು ಸತ್ತ ಎಂದು ಇಂದು ಯಾರೂ ಹೇಳುವುದಿಲ್ಲ. ಅಣ್ಣ ಕೊಂದ ಎನ್ನುತ್ತಾರೆ. ಅದು ಸುಳ್ಳೆಂದು ಹೇಳಹೊರಟರೆ ಟೇಪ್ ಕಣ್ಣಿಗೆ ಬರುತ್ತದೆ, ನಿಜವೆನ್ನಲು ಹೊರಟರೆ ಅವರು ಚರಂಡಿಗೆ ಸುರಿದ ಬಕೆಟ್.

ಅವರು ಆಗಾಗ ಬಂದು ನನ್ನ ಬಾಗಿಲಾಚೆ ನಿಲ್ಲುತ್ತಾರೆ. “ಕಿಟಕಿ ತೆಗೆದಿದ್ಯೇನಮ್ಮ?” ಎಂದು ಕೇಳುತ್ತಾರೆ. ತೆಗೆದಿದೆ ಎನ್ನುತ್ತೇನೆ, ಕುಡಿಯಲು ನೀರು ಕೊಡುತ್ತೇನೆ. ಒಳಗೆ ಬನ್ನಿ ಎನ್ನಲು ಮಾತ್ರ ನನಗಿನ್ನೂ ಬಾಯಿ ಬಂದಿಲ್ಲ.