ಕೆಳಮನೆಗೆ ಹರಿದ ಬಿಸಿನೀರು

ಆ ಮನೆಯೊಳಗೆ ಚಪ್ಪಲಿ ಬಿಚ್ಚಿ ಕಾಲಿಟ್ಟವಳೇ ಹಿಂದಕ್ಕೆ ಜಿಗಿದೆ. ನೆಲ ಬೆಚ್ಚಗಿತ್ತು. ಹೊರಗೆ ಅಂಗಳದಲ್ಲಿ ಬಕೆಟ್ಟಿನ ನೀರು ಕಲ್ಲಾಗಿ ಕೂತಿದೆ. ಒಳಗೆ ನೆಲ ಮಾತ್ರ ದನ ಆಗತಾನೆ ಎದ್ದುಹೋದ ಜಾಗದ ಹಾಗೆ ಕಾಲಿಗೆ ಬಿಸಿ ತಾಕಿಸುತ್ತಿದೆ. ಒಲೆಯಿಲ್ಲ, ಹೊಗೆಯಿಲ್ಲ, ಒಂದು ಕೆಂಡವೂ ಕಾಣುವುದಿಲ್ಲ. ಒಂಬತ್ತು ತಿಂಗಳ ಮಗಳು ಸುಜಾತಳನ್ನು ಎತ್ತಿಕೊಂಡು ನಮ್ಮ ಯಜಮಾನರು ಹೊಸ್ತಿಲಾಚೆಯೇ ನಿಂತಿದ್ದರು.

"ಒಳಿಕ್ಕೆ ಬಾ ಅಂತೀಯೋ, ಬ್ಯಾಡ ಅಂತೀಯೋ?" ಎಂದರು.

"ತಡೀರಿ, ಇದ್ರ ಕೆಳ್ಗೆ ಏನದೆ ಅಂತ ಮೊದ್ಲು ತಿಳ್ಕೊಳಾನ" ಎಂದೆ.

ನಾನು ಮಳವಳ್ಳಿ ಕಡೆಯವಳು. ಮೈಸೂರಿನಲ್ಲಿ ನರ್ಸಿಂಗ್ ಕಲಿತು, ಮದ್ದೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಪಶ್ಚಿಮ ಜರ್ಮನಿಯಲ್ಲಿ ನರ್ಸುಗಳು ಬೇಕಾಗಿದ್ದಾರಂತೆ ಎಂದು ಜೊತೆಯವಳೊಬ್ಬಳು ಹೇಳಿದ್ದನ್ನು ನಂಬಿ ಅರ್ಜಿ ಹಾಕಿದೆ. ಬೇರೆಯವರ ಮಾತನ್ನು ನಾನು ಅಷ್ಟು ಸಲೀಸಾಗಿ ನಂಬಿದ್ದು ಅದೊಂದೇ ಸಲ ಇರಬೇಕು. ಮೊದಲ ವರ್ಷ ಆಸ್ಪತ್ರೆಯವರೇ ಕೊಟ್ಟ ಕೋಣೆಯಲ್ಲಿದ್ದೆ. ಆಮೇಲೆ ಯಜಮಾನರನ್ನು ಕರೆಸಿಕೊಂಡೆ, ಮಗು ಹುಟ್ಟಿತು, ಮನೆ ಹುಡುಕಲೇಬೇಕಾಯಿತು.

ಮನೆ ಹುಡುಕುವ ಕಷ್ಟ ನನಗೆ ಹೊಸದಲ್ಲ. ಮದ್ದೂರಿನಲ್ಲಿ ಒಳಗೆ ಕರೆದು ಕೂರಿಸಿ, ಊರು ಕೇರಿ ವಿಚಾರಿಸಿ, ಕೊನೆಗೆ "ನೀವು ಯಾವ ಜನ?" ಎನ್ನುತ್ತಿದ್ದರು. ನಾನು ಹೇಳಿದ ಮೇಲೆ ಆ ಮನೆಗೆ ಅವರ ಭಾವಮೈದನೋ ಷಡ್ಡಕನೋ ಬರುವುದು ಥಟ್ಟನೆ ನೆನಪಾಗುತ್ತಿತ್ತು. ಇಲ್ಲಿ ಬಾಗಿಲು ಎರಡು ಬೆರಳಷ್ಟು ತೆರೆಯುತ್ತದೆ, ಒಂದು ಕಣ್ಣು ನಮ್ಮ ಮುಖ ನೋಡುತ್ತದೆ, ಮನೆ ನಿನ್ನೆಯೇ ಹೋಯಿತು ಎನ್ನುತ್ತದೆ. ಅಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದರು, ಇಲ್ಲಿ ಕೇಳುವ ತೊಂದರೆಯೂ ಇಲ್ಲ. ನಾಲ್ಕು ಮನೆ ಹೀಗೆ ಕಳೆದ ಮೇಲೆ ಸಿಕ್ಕವರು ಹೆರ್ ಕ್ರಾಮರ್. ಹೆರ್ ಎಂದರೆ ನಮ್ಮ ಶ್ರೀಯುತರು. ಎಪ್ಪತ್ತರ ಮುದುಕ, ಹೆಂಡತಿ ತೀರಿಕೊಂಡಿದ್ದಳು, ಜೀವಮಾನವೆಲ್ಲ ಮನೆಗಳಿಗೆ ಪೈಪು ಜೋಡಿಸುವ ಕೆಲಸ ಮಾಡಿದ್ದವರು. ಅವರು ಕೇಳಿದ್ದು ಒಂದೇ ಪ್ರಶ್ನೆ, ಮಗುವಿಗೆ ಎಷ್ಟು ತಿಂಗಳು ಎಂದು. ಇಷ್ಟು ಸುಲಭವಾಗಿ ನಮಗೆ ಕೊಡುತ್ತಿದ್ದಾರೆ ಎಂದರೆ ಈ ಮನೆಯಲ್ಲಿ ಏನೋ ಐಬು ಇರಬೇಕು ಎಂದು ಆಗಲೇ ನನ್ನ ತಲೆಗೆ ಹೊಕ್ಕಿತು.

ಐಬು ನೆಲದಲ್ಲೇ ಇದೆ ಎಂದುಕೊಂಡೆ. ಈ ದೇಶದಲ್ಲಿ ಮನೆ ಎಂದರೆ ಮೊದಲು ಹೈಟ್ಸುಂಗ್, ಅಂದರೆ ಮನೆ ಕಾಯಿಸುವ ಏರ್ಪಾಡು. ಮೇಲಿನ ಮಹಡಿಯಲ್ಲಿ ಹೆರ್ ಕ್ರಾಮರ್ ಇದ್ದರು. ಅಲ್ಲಿ ಒಂದೊಂದು ಕಿಟಕಿಯ ಕೆಳಗೂ ಬಿಳಿ ಬಣ್ಣದ ಕಬ್ಬಿಣದ ಹಲಗೆ ನಿಲ್ಲಿಸಿತ್ತು. ರೇಡಿಯೇಟರ್ ಎನ್ನುತ್ತಾರೆ, ಅದರೊಳಗೆ ಬಿಸಿನೀರು ಓಡಾಡುತ್ತದೆ. ಕೆಳಗಿನ ನಮ್ಮ ಎರಡು ಕೋಣೆ ಮೊದಲು ಅವರ ಸಾಮಾನಿನ ಕೊಟ್ಟಿಗೆಯಾಗಿತ್ತು. ಅದನ್ನು ಮನೆ ಮಾಡುವಾಗ ಹಲಗೆ ಇಡದೆ, ಸಣ್ಣ ಪೈಪನ್ನು ಗದ್ದೆಯ ಉಳುಮೆಯ ಸಾಲಿನಂತೆ ಹೋಗಿ ಬಂದು ಹೋಗಿ ಬಂದು ನೆಲದ ತುಂಬ ಹಾಸಿ, ಮೇಲೆ ಸಿಮೆಂಟು ಸುರಿದು, ಲಿನೋಲಿಯಂ ಹಾಳೆ ಅಂಟಿಸಿದ್ದರು. ಎರಡು ಮನೆಗೂ ಒಂದೇ ಬಾಯ್ಲರು. ಬೀದಿಯಲ್ಲೆಲ್ಲ ಇಂಥ ನೆಲ ಇದೊಂದೇ ಎಂದು ಅವರಿಗೆ ಹೆಮ್ಮೆ. "ಮಗು ಅಂಬೆಗಾಲಿಡುವುದು ನೆಲದ ಮೇಲೆ ತಾನೆ?" ಎಂದರು. ನಾನು ತಲೆಯಾಡಿಸಿ ಬಾಗಿಲು ಹಾಕಿಕೊಂಡೆ.

"ಸಿಮೆಂಟಿನ ಒಳಗೆ ಅವಯ್ಯ ಏನ್ ಬುಟ್ಟವ್ನೋ ಯಾರ್ ಕಂಡವ್ರೆ?" ಎಂದೆ ಯಜಮಾನರಿಗೆ.

ಅವರು ಆಗಲೇ ಚಾಪೆ ಹಾಸಿ ಮೈಚಾಚಿದ್ದರು. "ಬಾಣಂತಿ ಕ್ವಾಣೆ ಇದ್ದಂಗದೆ ಕಣಮ್ಮಿ. ಸುಮ್ಕೆ ಮಲಿಕ್ಕೊ ಬುಡು" ಎಂದರು. ಅವರಿಗೆ ಇನ್ನೂ ಕೆಲಸದ ಪರವಾನಗಿ ಸಿಕ್ಕಿರಲಿಲ್ಲ. ನಾನು ಆಸ್ಪತ್ರೆಗೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಅವರೇ. ಊರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆಂದು ಕಾಗದದಲ್ಲಿ ಬರೆಯುತ್ತಿರಲಿಲ್ಲ.

ಆ ಚಳಿಗಾಲ ಈ ದೇಶಕ್ಕೆ ಎಣ್ಣೆಯ ಬರ ಬಂತು. ಅರಬರು ಕೊಡುವುದಿಲ್ಲವಂತೆ, ಭಾನುವಾರ ಯಾರೂ ಕಾರು ತೆಗೆಯಬಾರದಂತೆ ಎಂದು ಸರ್ಕಾರದವರು ಹೇಳಿದರು. ಬಾಯ್ಲರು ಉರಿಯುವುದೂ ಎಣ್ಣೆಯಿಂದಲೇ. ಅದೇ ಹೊತ್ತಿಗೆ ಸುಜಾತಳಿಗೆ ಕೆಮ್ಮು ಹಿಡಿಯಿತು. ಹಗಲು ಪರವಾಗಿಲ್ಲ ಅನಿಸುತ್ತಿತ್ತು, ಬೆಳಗಿನ ಜಾವ ಎದೆ ಗೊರಗೊರ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನಲ್ಲೇ ಕೆಲಸ ಮಾಡುವ ನನಗೆ ಆ ಗೊರಗೊರ ಎಲ್ಲಿಗೆ ಮುಟ್ಟಬಹುದೆಂದು ಚೆನ್ನಾಗಿ ಗೊತ್ತಿತ್ತು. ಭಯವಾಯಿತು.

ಒಂದು ದಿನ ಚಿತ್ರಾನ್ನ ಕೊಡಲು ಮೇಲಕ್ಕೆ ಹೋದವಳು ಹೆರ್ ಕ್ರಾಮರ್ ತಟ್ಟೆ ತರಲು ಒಳಗೆ ಹೋದಾಗ ಕಿಟಕಿಯ ಕೆಳಗಿನ ರೇಡಿಯೇಟರ್ ಮುಟ್ಟಿ ನೋಡಿದೆ. ಕೈ ಚುರ್ ಎಂದಿತು. ಕೆಳಗೆ ಬಂದು ನಮ್ಮ ನೆಲ ಮುಟ್ಟಿದರೆ ಬರೀ ಉಗುರು ಬೆಚ್ಚಗೆ. ಒಂದೇ ಬಾಯ್ಲರಿನ ನೀರು ಮೇಲೆ ಸುಡುತ್ತದೆ, ಕೆಳಗೆ ಬರುವ ಹೊತ್ತಿಗೆ ತಣ್ಣಗಾಗುತ್ತದೆ! ಮಾರನೆಯ ದಿನ ಆಲೂಗಡ್ಡೆ ತರುವ ನೆಪದಲ್ಲಿ ಕೆಲ್ಲರಿಗೆ ಇಳಿದೆ. ಕೆಲ್ಲರ್ ಎಂದರೆ ನೆಲಮಾಳಿಗೆ, ಬಾಯ್ಲರು ಇರುವುದು ಅಲ್ಲೇ. ಮೇಲಕ್ಕೆ ಹೋಗುವ ಪೈಪು ನೆಟ್ಟಗೆ ಹೋಗಿತ್ತು, ಮುಟ್ಟಲಾಗದಷ್ಟು ಬಿಸಿ. ನಮ್ಮ ಕಡೆಯ ಪೈಪಿಗೆ ಮಾತ್ರ ನಡುವೆ ಒಂದು ಹಿಡಿಯಿರುವ ನಲ್ಲಿ, ಅದಕ್ಕೆ ಪಕ್ಕದಿಂದ ಇನ್ನೊಂದು ಪೈಪು ಬಂದು ಸೇರಿತ್ತು. ಆ ಪೈಪು ತಣ್ಣಗಿತ್ತು. ಮನೆ ಸುತ್ತಿ ವಾಪಸು ಬರುವ ನೀರು ಅದು. ದಿನಾ ಬೆಳಿಗ್ಗೆ ಹೆರ್ ಕ್ರಾಮರ್ ಕಾಫಿ ಕುಡಿದು ಕೆಲ್ಲರಿಗೆ ಇಳಿಯುವುದನ್ನು ನೋಡಿದ್ದೆ. ಈಗ ಅರ್ಥವಾಯಿತು. ಮೇಲಿನವರು ಬಳಸಿ ಬಿಟ್ಟ ನೀರನ್ನು ಬೆರೆಸಿ ನಮಗೆ ಕೊಡುತ್ತಿದ್ದಾರೆ.

ಇದನ್ನು ಓದುವ ನಿಮ್ಮಲ್ಲಿ ಕೆಲವರಿಗೆ ನನ್ನ ಸಿಟ್ಟು ಅತಿಯೆನಿಸಬಹುದು. ಊರಿನ ಕೆರೆಯಲ್ಲಿ ಮೇಲಿನ ಮೆಟ್ಟಿಲು ಯಾರದು, ಕೆಳಗಿನ ಮೆಟ್ಟಿಲು ಯಾರದು ಎಂದು ನಿಮಗೂ ಗೊತ್ತು. ಅವರ ಎಮ್ಮೆ ಮೈತೊಳೆದ ನೀರು ಹರಿದು ಬಂದ ಮೇಲೆ ನಮ್ಮ ಕೊಡ ಮುಳುಗುತ್ತಿತ್ತು. ನಾಲೆಯ ಕಟ್ಟಕಡೆಯಲ್ಲಿ ನಮಗೆ ಅರ್ಧ ಎಕರೆ ಇತ್ತು. ನಾಲೆಯ ನೀರನ್ನು ಸರದಿಯಂತೆ ಬಿಡುವ ನೀರುಗಂಟಿಗೆ ಕಡೆಯವರ ಸರದಿ ನೆನಪಿಗೆ ಬರುತ್ತಲೇ ಇರಲಿಲ್ಲ. ಒಂದು ವರ್ಷ ಪೈರು ಒಣಗುವುದನ್ನು ನೋಡಲಾರದೆ ಅಪ್ಪ ಹಾಡಹಗಲೇ ಹೋಗಿ ತೂಬಿನ ಹಲಗೆ ಎತ್ತಿಬಿಟ್ಟ. ಪೈರು ಉಳಿಯಿತು. ಅಪ್ಪನ ಬೆನ್ನಿಗೆ ಅವ್ವ ಎರಡು ವಾರ ಅರಿಸಿನದೆಣ್ಣೆ ಹಚ್ಚಿದಳು.

ಭಾನುವಾರ ಹೆರ್ ಕ್ರಾಮರ್ ಚರ್ಚಿಗೆ ನಡೆದುಹೋದರು. ನಾನು ಆಸ್ಪತ್ರೆಗೆ ಹೊರಟವಳು ಕೆಲ್ಲರಿಗೆ ಇಳಿದೆ, ಆ ನಲ್ಲಿಯ ಹಿಡಿಯನ್ನು ಬಿಸಿಯ ಕಡೆಗೆ ಪೂರ್ತಿ ತಿರುಗಿಸಿದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದರು. ಬಸ್ಸಿನಲ್ಲಿ ಕೂತಾಗ ಮನಸ್ಸಿಗೆ ಏನೋ ಸಮಾಧಾನ. ನನ್ನ ಮಗಳಿಗೆ ಸೇರಬೇಕಾದ್ದನ್ನು ಕೊಡಿಸಿದೆ ಎಂದುಕೊಂಡೆ.

ಮಧ್ಯಾಹ್ನ ಮೂರಕ್ಕೆ ಬಂದರೆ ಮನೆ ಬಾಗಿಲು ಹಾರು ಹೊಡೆದಿತ್ತು. ಕಿಟಕಿಗಳೆಲ್ಲ ತೆರೆದಿವೆ. ಒಳಗೆ ಅಂಟು ಕರಗಿದ ವಾಸನೆ, ಲಿನೋಲಿಯಂ ಹಾಳೆ ಹಪ್ಪಳದಂತೆ ಉಬ್ಬಿದೆ. ಚಾಪೆ ಇದೆ, ಮಗು ಇಲ್ಲ. ಮುದುಕರು ನಮ್ಮನ್ನು ಮನೆಯಿಂದ ಹೊರಗೆ ಹಾಕಿದರು, ಇಷ್ಟೇ ಆಗುವುದಿತ್ತು ಎಂದು ಮೆಟ್ಟಿಲು ಹತ್ತಿದೆ. ಮೇಲೆ ಹೆರ್ ಕ್ರಾಮರರ ಹಾಸಿಗೆಯ ಮೇಲೆ ಸುಜಾತ ಬೋರಲು ಮಲಗಿದ್ದಳು. ಅವಳ ಬೆನ್ನಿನ ಮೇಲೆ ಒದ್ದೆ ಬಟ್ಟೆ. ಎತ್ತಿ ನೋಡಿದೆ. ಕೆಂಪಗಾಗಿತ್ತು, ಬೊಬ್ಬೆ ಎದ್ದಿರಲಿಲ್ಲ.

"ಮಗ ಚಾಪೆ ಮ್ಯಾಲೆ ನಿದ್ದೆ ಮಾಡ್ತಿತ್ತು. ಒಂದೇ ಸಮ ಕಿರುಚ್ಕತು. ಎತ್ಕೊಂಡ್ರೆ ಚಾಪೆನೇ ಸುಡ್ತಾ ಅದೆ" ಎಂದರು ಯಜಮಾನರು. "ಮುತ್ತತ್ತಿರಾಯ ಕಾಪಾಡ್ದ. ಈವಯ್ಯ ಓಡ್ಬಂದು ಎತ್ಕಂಡು ಬಂದ."

ಹೆರ್ ಕ್ರಾಮರ್ ಕೇಳಿದರು, "ನಲ್ಲಿ ತಿರುಗಿಸಿದ್ದು ಯಾರು?"

"ಇಷ್" ಎಂದರು ಯಜಮಾನರು ತಕ್ಷಣ. ಇಷ್ ಎಂದರೆ ನಾನು. ಅವರಿಗೆ ಬರುತ್ತಿದ್ದ ಹತ್ತು ಜರ್ಮನ್ ಮಾತುಗಳಲ್ಲಿ ಅದೊಂದು. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿದುಹೋಗಿತ್ತು.

ಮನೆ ಬಿಡಿ ಎಂದರೆ ಈ ಚಳಿಯಲ್ಲಿ ಎಲ್ಲಿಗೆ ಹೋಗುವುದು ಎಂದು ಒಂದು ಗಳಿಗೆ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ, "ಅವರಲ್ಲ, ನಾನು" ಎಂದೆ. ಯಾಕೆ ಎಂದು ಕೇಳಿದರು. ನೀವು ಬಳಸಿದ ನೀರು ನಮಗೆ ಬೇಡ ಎಂದೆ.

ಮುದುಕರು ನನ್ನನ್ನು ಕೆಲ್ಲರಿಗೆ ಕರೆದುಕೊಂಡು ಹೋದರು. ಪಕ್ಕದಿಂದ ಬಂದು ಸೇರುವ ಪೈಪನ್ನು ಬೆರಳಿಂದ ಹಿಂಬಾಲಿಸಿ ತೋರಿಸಿದರು. ಅದು ಬರುತ್ತಿದ್ದದ್ದು ಮೇಲಿನ ಮನೆಯಿಂದಲ್ಲ, ನಮ್ಮ ನೆಲದಿಂದಲೇ. ಗೋಡೆಯ ರೇಡಿಯೇಟರ್ ಎಷ್ಟು ಬಿಸಿಯಾದರೂ ಸರಿ, ಅದರ ಮೇಲೆ ಯಾರೂ ಮಲಗುವುದಿಲ್ಲ. ನೆಲದ ನೀರು ಅಷ್ಟು ಕಾಯಬಾರದು, ಅದಕ್ಕೇ ನಮ್ಮ ನೆಲ ಸುತ್ತಿ ಬಂದ ನೀರನ್ನೇ ಬೆರೆಸಿ ಹದ ಮಾಡುವುದು ಎಂದರು. ಹದ ಹೇಗೆ ಗೊತ್ತಾಗುತ್ತದೆ ಎಂದೆ. ತೋಳು ಮಡಿಸಿ ಮೊಣಕೈಯನ್ನು ಪೈಪಿಗೆ ತಾಕಿಸಿ ತೋರಿಸಿದರು. ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಕೂಸುಗಳ ಸ್ನಾನದ ನೀರನ್ನು ನಾನು ನೋಡುವುದೂ ಹಾಗೆಯೇ. ಊರಿನಲ್ಲಿ ಅವ್ವ ನೋಡುತ್ತಿದ್ದದ್ದೂ ಹಾಗೆಯೇ. ಎಲ್ಲರ ಮಕ್ಕಳಿಗೂ ಮೊಣಕೈ ಅದ್ದಿ ನೋಡುವವಳು ನನ್ನ ಮಗುವಿಗೆ ನೋಡದೇ ಹೋದೆನಲ್ಲ ಎಂದು ಅಲ್ಲೇ ಗೋಡೆಗೊರಗಿ ಅತ್ತೆ.

"ನಾಳೆಯಿಂದ ನೀನೇ ಬೆರೆಸು" ಎಂದರು ಅವರು. "ನನಗೆ ಮೆಟ್ಟಿಲು ಇಳಿದರೆ ಮಂಡಿ ನೋವು."

ಮಂಡಿ ನೋವಿನ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಮೊದಲ ವಾರವೆಲ್ಲ ಇದರಲ್ಲಿ ಏನು ಮಸಲತ್ತು ಇರಬಹುದು, ಮುಂದೆ ಏನಾದರೂ ಕೆಟ್ಟರೆ ನನ್ನ ತಲೆಗೆ ಕಟ್ಟುವುದಕ್ಕಿರಬಹುದೇ ಎಂದು ಲೆಕ್ಕ ಹಾಕಿದೆ. ನನ್ನ ಸಂಶಯ ಅಷ್ಟು ಬೇಗ ಬಿಟ್ಟುಹೋಗುವಂಥದ್ದಲ್ಲ, ಅದು ಒಂದು ದಿನದಲ್ಲಿ ಬಂದದ್ದೂ ಅಲ್ಲ. ಆದರೂ ದಿನಾ ಬೆಳಿಗ್ಗೆ ಇಳಿದು ಹೋಗಿ ಹಿಡಿ ತಿರುಗಿಸಿದೆ. ನೀರು ಹುಟ್ಟುವ ಕಡೆ ನಿಂತು ಇಷ್ಟು ಆ ಕಡೆಗೆ ಇಷ್ಟು ಈ ಕಡೆಗೆ ಎಂದು ಬಿಡುವ ಕೆಲಸ ನಮ್ಮ ವಂಶದಲ್ಲಿ ನನಗೇ ಮೊದಲು ಸಿಕ್ಕಿದ್ದು. ಅಪ್ಪನಿಗೆ ಬರೆದೆ. ಅವನು ಉತ್ತರದಲ್ಲಿ ಅದರ ಮಾತೇ ಎತ್ತಲಿಲ್ಲ, ಮಗುವಿನ ಬೆನ್ನು ಹೇಗಿದೆ ಎಂದಷ್ಟೇ ಕೇಳಿ ಬರೆಸಿದ್ದ.

ಎರಡು ವರ್ಷದ ಮೇಲೆ ರಜೆಗೆ ಊರಿಗೆ ಬಂದೆವು. ಮಳವಳ್ಳಿಯಲ್ಲಿ ಬಸ್ಸಿಳಿದು ಊರ ದಾರಿ ಹಿಡಿದಾಗ ಎದೆ ತುಂಬಿತ್ತು. ಇನ್ನು ಆ ಹಿಮದ ದೇಶಕ್ಕೆ ಹೋಗುವುದೇ ಬೇಡ ಎಂದು ಯಜಮಾನರೊಡನೆ ಹೇಳಿಯೂ ಬಿಟ್ಟೆ. ಊರ ಬಾಗಿಲಲ್ಲಿ ಹೊಸದಾಗಿ ಹಾಕಿದ ಕೈಪಂಪು ಇತ್ತು. ಮೇಲಿನ ಕೇರಿಯ ಹೆಂಗಸೊಬ್ಬಳು ಕೊಡ ತುಂಬಿಸುತ್ತಿದ್ದಳು. ಬಿಸಿಲಿಗೆ ಬಳಲಿದ್ದ ಸುಜಾತ ಕೈ ಬಿಡಿಸಿಕೊಂಡು ಓಡಿ ನೀರಿಗೆ ಕೈಯೊಡ್ಡಿದಳು.

"ಯಾರ ಮಗ ಅದು? ಮುಟ್ಬ್ಯಾಡ ಕಣೆ, ಅತ್ಲಾಗಿ ನಿಂತ್ಕೊ!" ಎಂದು ಆ ಹೆಂಗಸು ಗದರಿದಳು.

ಸುಜಾತ ಕೈ ಹಿಂದೆಳೆದುಕೊಂಡಳು. ನೀರನ್ನು ಮುಟ್ಟಬೇಡ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಕಾರಣ. ನನ್ನ ಕಡೆ ತಿರುಗಿ ಜರ್ಮನ್ ಭಾಷೆಯಲ್ಲಿ, "ಬಿಸಿ ಇದೆಯಾ ಅಮ್ಮ?" ಎಂದಳು.

ನಾನು ಹೌದು ಎಂದುಬಿಟ್ಟೆ. ಅವಳು ಅಲ್ಲೇ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಆ ನೀರು ಬೇಗ ಆರಲಿ ಎಂದು ಕೆನ್ನೆ ಉಬ್ಬಿಸಿ ಊದತೊಡಗಿದಳು.