ನೀಲಾಳ ಮಾತು ಮುಗಿಯುವವರೆಗೆ

ನಮ್ಮ ನೀಲಾ ಇವತ್ತು ವಂದನಾರ್ಪಣೆ ಮಾಡಿದಳು! ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಮೈಕಿನ ಮುಂದೆ ನಿಂತು, ಅಷ್ಟೂ ಮಂದಿಯ ಎದುರಿಗೆ. ಮೊದಲು ಇಷ್ಟು ಹೇಳಿಬಿಟ್ಟರೆ ನನ್ನ ಎದೆ ಸ್ವಲ್ಪ ಹಗುರಾಗುತ್ತದೆ. ಉಳಿದದ್ದನ್ನು ಆಮೇಲೆ ಸಾವಕಾಶವಾಗಿ ಹೇಳುತ್ತೇನೆ.

ನೀವು ನಗಬಹುದು. ವಂದನಾರ್ಪಣೆ ಎಂದರೆ ಜನ ಎದ್ದು ಚಪ್ಪಲಿ ಹುಡುಕುವ ಹೊತ್ತು. ನಾನೂ ಈ ಆಯುಷ್ಯದಲ್ಲಿ ಒಂದನ್ನೂ ಪೂರ್ತಿ ಕೇಳಿದವನಲ್ಲ. ಆದರೆ ಇವತ್ತು ಮೊಮ್ಮಗಳು ಬರೆದುಕೊಂಡು ಹೋಗಿದ್ದ ಕಾಗದವನ್ನು ಅವಳ ಕೈಯಿಂದ ಇಸಿದುಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ. ನಾಲ್ಕು ಮಡಿಕೆಯ ಕಾಗದ, ಬೆವರಿಗೆ ಮೆತ್ತಗಾಗಿದೆ, ಒಂದು ಮೂಲೆಯಲ್ಲಿ ಶಾಯಿ ಹರಡಿದೆ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಬೇಕು. ಆದರೂ ಸಂಜೆಯಿಂದ ಐದು ಸಲ ತೆಗೆದು ಓದಿದ್ದೇನೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದೆ. ಊಟಕ್ಕೆ ಕರೆಯುವವರೆಗೆ ನಿಮ್ಮ ಜೊತೆ ಕೂತು ಹೇಳಿಬಿಡುತ್ತೇನೆ.

ನನ್ನ ಕೆಲಸ ಏನು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಂಡಿ ಊರಿನ ನಿಂಬೆಹಣ್ಣಿನ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಸವಾಲು, ಅಂದರೆ ಹರಾಜು, ಕೂಗಿದವನು ನಾನು. ಹಣ್ಣಿನ ರಾಶಿಯ ಮುಂದೆ ನಿಂತು, ಕೊಳ್ಳುವವರ ಮುಖ ನೋಡುತ್ತ, ಅವರು ಬಾಯಿ ತೆರೆಯುವ ಮೊದಲೇ ಅವರ ಮಾತನ್ನು ನಾನೇ ಕೂಗಿಬಿಡುತ್ತಿದ್ದೆ. ಯಾರ ಹುಬ್ಬು ಏರಿದರೆ ಏನರ್ಥ, ಯಾರು ಮೂಗು ತುರಿಸಿದರೆ ಏನರ್ಥ, ಎಲ್ಲ ನನಗೆ ಗೊತ್ತು. ಇಂಥವನ ಮನೆಯಲ್ಲಿ ಮಾತಿಗೆ ಎಲ್ಲಿಯ ಸಮಾಧಾನ? ಹೆಂಡತಿ ಗಂಗವ್ವ ಆಲಮೇಲದವಳು, ಮಾತಿನಲ್ಲಿ ನನಗಿಂತ ಒಂದು ಹೆಜ್ಜೆ ಮುಂದೆ. ಮಗ ಶಿವಾನಂದನೂ ಹಾಗೆಯೇ. ಸೊಸೆ ಕಸ್ತೂರಿ ನಾಲತವಾಡದಿಂದ ಬಂದ ಹೊಸದರಲ್ಲಿ ಮೆತ್ತಗೆ ಮಾತಾಡುತ್ತಿದ್ದಳು. ಆರು ತಿಂಗಳಲ್ಲಿ ಅವಳೂ ನಮ್ಮ ಹಾದಿಗೆ ಬಂದಳು. ಮೈಸೂರು ಕಡೆಯ ಒಬ್ಬ ಸಾಹೇಬರು ನಮ್ಮ ಓಣಿಗೆ ಬಾಡಿಗೆಗೆ ಬಂದಾಗ, ಒಂದು ದಿನ ಗಾಬರಿಯಿಂದ ನಮ್ಮ ಬಾಗಿಲಿಗೆ ಓಡಿ ಬಂದಿದ್ದರು, ಜಗಳ ಬಿಡಿಸುವುದಕ್ಕೆ. ನಾವು ಚಹಾ ಕುಡಿಯುತ್ತಿದ್ದೆವು, ಅಷ್ಟೆ.

ಅಂಥ ಮನೆಯಲ್ಲಿ ಹುಟ್ಟಿದ ನೀಲಾ ಮೂರು ವರ್ಷದವರೆಗೆ ಚೆಂದ ಮಾತಾಡಿದಳು. ನಾಲ್ಕರಲ್ಲಿ ತೊದಲು ಬಂತು. ಮೊದಲ ಅಕ್ಷರದ ಬಾಗಿಲಲ್ಲೇ ನಿಂತುಬಿಡುವಳು. ತುಟಿ ನಡುಗುವುದು, ಕಣ್ಣು ಬಿಗಿಯುವುದು. ನಮಗೆ ನೋಡಲಾಗುತ್ತಿರಲಿಲ್ಲ. ಬಜೆಯ ಬೇರು ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದೆವು. ಬಾಗೇವಾಡಿಗೆ ಹೋಗಿ ಬಸವಣ್ಣನಿಗೆ ಕೈಮುಗಿದು ಬಂದೆವು. ಇವೆರಡರ ಜೊತೆಗೆ ನಮ್ಮದೇ ಒಂದು ಉಪಚಾರ ಶುರುವಾಯಿತು. ಮಗುವಿಗೆ ತ್ರಾಸಾಗಬಾರದೆಂದು ಅವಳ ಮಾತನ್ನು ನಾವೇ ಮುಗಿಸತೊಡಗಿದೆವು.

ಅವಳು ಬಾಯಿ ತೆರೆದಳೆಂದರೆ ನಾನು "ನೀರು!" ಎನ್ನುವೆ, ಗಂಗವ್ವ "ಚೆಂಡು!" ಎನ್ನುವಳು, ಕಸ್ತೂರಿ "ನಿದ್ದಿ ಬಂದೈತಿ!" ಎನ್ನುವಳು. ಯಾರದು ಸರಿಯಾಯಿತೋ ಅವರಿಗೆ ಗೆದ್ದ ಖುಷಿ. ಮಾರುಕಟ್ಟೆಯ ಸವಾಲನ್ನು ನಾನು ಮನೆಗೂ ತಂದಿದ್ದೆ ನೋಡಿ. ಮನಗೂಳಿಯಲ್ಲಿ ಒಂದು ಮದುವೆಗೆ ಹೋದಾಗ ಹಿರಿಯಳೊಬ್ಬಳು ಅವಳ ಗಲ್ಲ ಹಿಡಿದು, "ನಿನ್ನ ಹೆಸರೇನವಾ?" ಎಂದು ಕೇಳಿದಳು. ನಾಲ್ಕು ಮಂದಿ ಒಂದೇ ಉಸಿರಿಗೆ "ನೀಲಾ!" ಎಂದೆವು. ಹುಡುಗಿ ತೆರೆದ ಬಾಯಿ ಮುಚ್ಚಿಕೊಂಡು ನೆಲ ನೋಡಿದಳು. ಎಷ್ಟು ನಾಚಿಕೆಯ ಕೂಸು ಎಂದು ನಾವು ನಕ್ಕೆವು.

ಒಂದನೇ ಇಯತ್ತೆ ಮುಗಿಯುವ ಹೊತ್ತಿಗೆ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಬೇಕಾದದ್ದಕ್ಕೆ ಬೆರಳು ತೋರಿಸುವಳು. ಮನೆಗೆ ಹೊಸದಾಗಿ ಬಂದಿದ್ದ ಫೋನು ರಿಂಗಾದರೆ ಹಿತ್ತಲಿಗೆ ಓಡುವಳು. ಶಾಲೆಗೆ ಹೊರಡುವ ಹೊತ್ತಿಗೆ ದಿನಾ ಹೊಟ್ಟೆನೋವು.

ಆಗ ಅವಳಿಗೆ ಪಾಠ ಹೇಳುವ ಅಕ್ಕೋರು ನನ್ನನ್ನು ಶಾಲೆಗೆ ಕರೆಸಿದರು. ಸಿಂದಗಿ ಕಡೆಯ ಹೆಣ್ಣುಮಗಳು, ವಯಸ್ಸು ಚಿಕ್ಕದು, ದನಿಯೂ ಚಿಕ್ಕದು. ನೀಲಾಳನ್ನು ಹತ್ತಿರ ಕರೆದು ಕೇಳಿದರು, "ಇವತ್ತ ಏನ ಉಂಡು ಬಂದೀ ನೀಲಾ?"

"ರೊಟ್ಟಿ, ಬದ್ನಿಕಾಯಿ ಪಲ್ಯರಿ," ಎಂದೆ ನಾನು.

"ಮುತ್ಯಾರ, ನಾ ನಿಮ್ಮನ್ನ ಕೇಳಿಲ್ರಿ."

"ಹೌದ್ರಿ, ಆದ್ರ ಆಕಿಗೆ..."

"ಜೋಡಿಗೆ ಯಾರು ಕುಂತಿದ್ರವಾ?" ಎಂದು ಮತ್ತೆ ನೀಲಾಳನ್ನೇ ಕೇಳಿದರು.

"ಅವರ ಆಯಿ ಗಂಗವ್ವ ಕುಂತಿದ್ಳರಿ," ಎಂದಿತು ನನ್ನ ಬಾಯಿ. ನನ್ನಾಣೆ, ನಾನು ಎನ್ನಲಿಲ್ಲ, ಅದೇ ಎಂದಿತು.

ಅಕ್ಕೋರು ಸಿಟ್ಟಾಗಲಿಲ್ಲ. ಹುಡುಗಿಯನ್ನು ಆಟಕ್ಕೆ ಕಳಿಸಿ ನನ್ನ ಕಡೆ ತಿರುಗಿದರು. "ಆಕಿಗೆ ತೊದಲು ಯಾಕ ಬಂತು ಅನ್ನೂದು ನನಗೂ ಗೊತ್ತಿಲ್ರಿ. ಆದ್ರ ಆಕಿ ಸುಮ್ಮನಾಗಿದ್ದು ಯಾಕ ಅಂತ ಈಗ ಗೊತ್ತಾತು. ಆಕಿ ಮಾತಾಡೂ ಮುಂದ ಆಕಿ ಮಾರಿ ನೋಡ್ರಿ. ಮುಗಿಯೂತನಕ ಒಂದ ಶಬ್ದಾನೂ ಕೊಡಬ್ಯಾಡ್ರಿ. ಹಿಂಗ ಬಿಟ್ರ ಮುಂದಿನ ವರ್ಷ ಈ ಹುಡುಗಿ ಸಾಲಿಗೇ ಬರಂಗಿಲ್ಲ."

"ಎಷ್ಟು ಹೊತ್ತು ಸುಮ್ಮನಿರಬೇಕ್ರಿ?"

"ಆಕಿಗೆ ಎಷ್ಟು ಬೇಕೋ ಅಷ್ಟು."

"ಅಕ್ಕೋರ, ನನ್ನ ಸವಾಲು ಮೂರು ಸಲ ಕೂಗೂದ್ರಾಗ ಮುಗಿದು ಹೋಗ್ತೈತ್ರಿ."

"ಇದು ಸವಾಲಲ್ರಿ ಮುತ್ಯಾರ, ನಿಮ್ಮ ಮೊಮ್ಮಗಳು," ಎಂದರು.

ಆ ಮಾತು ಎದೆಗೆ ನಾಟಿತು. ಮರುದಿನದಿಂದ ಲೂನಾ ಗಾಡಿಯನ್ನು ಮನೆಯಲ್ಲಿ ಬಿಟ್ಟು, ಅವಳ ಕೈ ಹಿಡಿದು ಶಾಲೆಗೆ ನಡೆಸಿಕೊಂಡು ಹೋಗತೊಡಗಿದೆ. ದಾರಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುವುದು, ಆಮೇಲೆ ಬಾಯಿ ಮುಚ್ಚುವುದು. ಹೇಳುವುದಕ್ಕೆ ಇದು ಸಣ್ಣ ಕೆಲಸ. ಮೊದಲ ದಿನ ಅವಳು ಏನೂ ಹೇಳಲಿಲ್ಲ. ಎರಡನೆಯ ದಿನವೂ ಇಲ್ಲ. ನನಗೆ ನಾಲಿಗೆಯಲ್ಲಿ ಇರುವೆ ಬಿಟ್ಟಂತಾಗುತ್ತಿತ್ತು. ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂದು, ಗಂಗವ್ವನ ಹತ್ತಿರ ಲವಂಗ ಕೇಳಿದೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, "ಮಧ್ಯಾಹ್ನ ಉಣ್ಣಾಕ ಏನ ಮಾಡ್ಸೂಣು?" ಎಂದು ಕೇಳಿದ್ದೆ. ನೀರಿನ ಟಾಕಿ ದಾಟಿದೆವು. ಅವಳು ನಿಂತಳು. ತುಟಿ ನಡುಗಿತು. ನನ್ನ ಬಾಯಲ್ಲಿ ಹತ್ತು ಅಡಿಗೆಗಳ ಹೆಸರು ತುದಿಗಾಲಲ್ಲಿ ನಿಂತಿದ್ದವು. ನುಂಗಿಕೊಂಡು ಅವಳ ಮುಖ ನೋಡಿದೆ. ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಆಮೇಲೆ ಬಂತು ಮಾತು, ಒಡೆದು ಒಡೆದು, ಆದರೆ ಪೂರ್ತಿ: "ನನಗ... ಮೊಸರು ಸೇರೂದಿಲ್ಲ, ಮುತ್ಯಾ."

ನಾನು ದಾರಿಯಲ್ಲೇ ಕೂತುಬಿಟ್ಟೆ. ಊಟದ ಹೊತ್ತಿಗೆ ಅವಳು ಬಾಯಿ ತೆರೆದಾಗಲೆಲ್ಲ "ಮೊಸರು ಬೇಕಂತ" ಎಂದು ಸುರಿಯುತ್ತಿದ್ದವರು ನಾವು. ಎಷ್ಟು ವರ್ಷ! ಒಲ್ಲದ ಮೊಸರನ್ನು ಕೂಸು ದಿನಾ ಸುಮ್ಮನೆ ಉಂಡಿತ್ತು.

"ಇಷ್ಟು ದಿನ ಯಾಕ ಹೇಳ್ಲಿಲ್ಲವಾ?"

"ಹೇ... ಹೇಳಾಕತ್ತಿದ್ದೆ," ಎಂದಳು.

ಅದನ್ನು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಇದ್ದದ್ದನ್ನು ಇದ್ದಂತೆ ಹೇಳಿ ನನ್ನ ಕೈ ಹಿಡಿದು ಮುಂದೆ ನಡೆದಳು.

ಮನೆಯವರಿಗೆಲ್ಲ ಹೇಳಿದೆ. ಗಂಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದಿನಿಂದ ಎಲ್ಲರೂ ಕಲಿತೆವು, ನಾನು ಎಲ್ಲರಿಗಿಂತ ನಿಧಾನ. ಒಮ್ಮೆ ಬೀಗರು ಬಂದಾಗ, ಅವರೆದುರು ನೀಲಾ ತಡವರಿಸುತ್ತಿದ್ದಂತೆ, ಮರ್ಯಾದೆಗೆ ಅಂಜಿ ಅವಳ ಮಾತನ್ನು ನಾನು ಫಕ್ಕನೆ ಮುಗಿಸಿದೆ. ಅವಳು ನನ್ನನ್ನು ಒಂದು ಸಲ ನೋಡಿದಳು, ಅಷ್ಟೆ. ಆಮೇಲೆ ಮೂರು ದಿನ ಶಾಲೆಯ ದಾರಿಯಲ್ಲಿ ಚಪ್ಪಲಿಗಳ ಸಪ್ಪಳ ಬಿಟ್ಟರೆ ಬೇರೇನೂ ಕೇಳಲಿಲ್ಲ. ನಾಲ್ಕನೆಯ ದಿನ, "ತಪ್ಪಾತವಾ," ಎಂದೆ. ಮೊಮ್ಮಗಳಿಗೆ ತಪ್ಪಾಯಿತು ಎಂದವರನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ, ನಾನೇ ಮೊದಲಿಗ.

ಈ ಅಭ್ಯಾಸ ನೀಲಾಳ ಹತ್ತಿರವೇ ನಿಲ್ಲಲಿಲ್ಲ. ಒಂದು ದಿನ ಗಂಗವ್ವ ತನ್ನ ತವರಿನ ಕಥೆ ತೆಗೆದಳು, ಭೀಮಾ ಹೊಳೆಯ ನೀರು ಏರಿ ಬಂದಾಗ ಅವಳಪ್ಪ ಎಮ್ಮೆಯನ್ನು ಹುಡುಕಿಕೊಂಡು ಹೋದದ್ದು. ನೂರು ಸಲ ಶುರು ಮಾಡಿದ್ದಳು, ನೂರು ಸಲವೂ ನಾನು "ಗೊತ್ತೈತಿ, ಎಮ್ಮಿ ಸಿಕ್ತು" ಎಂದು ಮುಗಿಸಿದ್ದೆ. ಆ ದಿನ ಸುಮ್ಮನೆ ಅವಳ ಮುಖ ನೋಡುತ್ತ ಕೂತೆ. ಅವಳು ಮಾತು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದಳು.

"ಯಾಕ್ರೀ, ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದೇನಿ. ನೀ ಹೇಳು."

ಎಮ್ಮೆ ಸಿಕ್ಕಿದ್ದು ನಿಜವಂತೆ. ಆದರೆ ಕಥೆ ಎಮ್ಮೆಯದಾಗಿರಲಿಲ್ಲ. ಅಪ್ಪ ತಿರುಗಿ ಬರುವವರೆಗೆ ಏಳು ವರ್ಷದ ಗಂಗವ್ವ ತಮ್ಮನನ್ನು ಎದೆಗೆ ಅವಚಿಕೊಂಡು ಮಾಳಿಗೆಯ ಮೇಲೆ ಒಬ್ಬಳೇ ಕೂತಿದ್ದಳಂತೆ. ಮದುವೆಯಾಗಿ ಮೊಮ್ಮಗಳು ಬಂದ ಮೇಲೆ ನನಗೆ ಇದು ಗೊತ್ತಾಯಿತು.

ಓದಿದವರು ಒಳ್ಳೆಯ ಅಭ್ಯಾಸಗಳು ಎಂದು ಬಹಳ ಹೇಳುತ್ತಾರೆ. ಬೆಳಿಗ್ಗೆ ಬೇಗ ಏಳಬೇಕು, ವ್ಯಾಯಾಮ ಮಾಡಬೇಕು, ದಿನಚರಿ ಬರೆಯಬೇಕು. ಎಲ್ಲ ಸರಿಯೇ ಇರಬೇಕು. ನನ್ನ ಹತ್ತಿರ ಇರುವುದು ಇದೊಂದೇ. ಎದುರಿನವರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿ ಅವರ ಮುಖ ನೋಡುವುದು. ಇದರಿಂದ ನಾನು ದೊಡ್ಡವನಾಗಲಿಲ್ಲ. ನನ್ನ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ತಿಳಿಯಿತು.

ಈಗ ನೀಲಾ ಆರನೇ ಇಯತ್ತೆ. ತೊದಲು ಪೂರ್ತಿ ಹೋಗಿಲ್ಲ. ವಂದನಾರ್ಪಣೆ ಅವಳೇ ಮಾಡಬೇಕು ಎಂದು ಅಕ್ಕೋರು ಹೇಳಿದಾಗ ಶಿವಾನಂದ ಅಂಜಿದ. "ಬ್ಯಾಡವಾ, ಮಂದಿ ನಗ್ತಾರ," ಎಂದ. ನನಗೂ ಒಳಗೊಳಗೆ ಅದೇ ಅಂಜಿಕೆ. ಅಷ್ಟು ಮಂದಿ ನಕ್ಕರೆ ಇವಳು ಮತ್ತೆ ಬೆರಳು ತೋರಿಸುವ ಹುಡುಗಿಯಾದರೆ? ನೀಲಾ ಅಪ್ಪನ ಮಾತು ಮುಗಿಯುವವರೆಗೆ ಕಾದು, "ನಾ ಮಾಡ್ತೇನಿ," ಎಂದಳು.

ಮಾಡಿದಳು. ನಾಲ್ಕು ಹೆಸರು ಚೆಂದ ಹೇಳಿದಳು. ಐದನೆಯದು "ಮುಖ್ಯೋಪಾಧ್ಯಾಯರು". ಅಲ್ಲಿ ನಿಂತಳು. ಮೈಕಿನಲ್ಲಿ ಅವಳ ಉಸಿರು ಕೇಳುತ್ತಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಪಕ್ಕದಲ್ಲಿದ್ದ ತಲೆಗೆ ಪಟಗಾ ಸುತ್ತಿದ್ದ ಯಜಮಾನರು, ಪಾಪ, ಒಳ್ಳೆಯವರು, ಮುಂದೆ ಬಾಗಿ ಆ ಶಬ್ದವನ್ನು ಎತ್ತಿಕೊಡಲು ಬಾಯಿ ತೆರೆದರು. ಅವರ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದೆ.

"ಸುಮ್ಮನಿರ್ರಿ ಯಜಮಾನರ. ಆಕಿಗೆ ಬರ್ತೈತಿ."

ಅವಳು ಕಾಗದ ಮಡಿಸಿದಳು. ತಲೆ ಎತ್ತಿ ಮಂದಿಯನ್ನು ನೋಡಿದಳು. ಆ ಶಬ್ದ ಬಂತು, ಅದರ ಹಿಂದೆ ಉಳಿದವೂ ಬಂದವು. ಕೊನೆಗೆ ಕಾಗದದಲ್ಲಿ ಇಲ್ಲದ್ದನ್ನೂ ಹೇಳಿದಳು: "ನನ್ನ ಮಾತು ಮುಗಿಯುವವರೆಗೆ ಕೂತಿದ್ದ ನಿಮಗೆಲ್ಲರಿಗೂ ವಂದನೆಗಳು." ಒಬ್ಬರೂ ಚಪ್ಪಲಿ ಹುಡುಕಲು ಎದ್ದಿರಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಊಟಕ್ಕೆ ಕರೆದರು. ಉಂಡು ಬಂದು ಉಳಿದ ನಾಲ್ಕು ಮಾತು ಹೇಳುತ್ತಿದ್ದೇನೆ. ನಮ್ಮಲ್ಲಿ ಗಂಡಸರು ಮೊದಲು ಉಣ್ಣುವುದು ರೂಢಿ. ಇವತ್ತು ಗಂಗವ್ವ ಎಲ್ಲರ ತಾಟನ್ನೂ ಒಟ್ಟಿಗೆ ಹಾಕಿದಳು. ಬಿಸಿ ರೊಟ್ಟಿ, ಹಿಂಡಿಪಲ್ಯ, ಶೇಂಗಾ ಚಟ್ನಿ, ಜೊತೆಗೆ ಖುಷಿಗೆಂದು ಹೋಳಿಗೆ. ಐವರೂ ಸುತ್ತ ಕೂತೆವು. ನೀಲಾ ವೇದಿಕೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ ನನ್ನ ಕಡೆ ತಿರುಗಿದಳು.

"ಮುತ್ಯಾ, ನಿನಗ ಹೆಂಗ ಅನಿಸ್ತು?"

ಹೇಳಬೇಕೆಂದು ಬಾಯಿ ತೆರೆದೆ. ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದ ಗಂಟಲು ಇದು, ಒಂದು ಅಕ್ಷರವೂ ಹೊರಡಲಿಲ್ಲ. ತುಟಿ ನಡುಗಿತು. ಗಂಗವ್ವನ ಕೈ ತುತ್ತಿನ ಮೇಲೆಯೇ ನಿಂತಿತು. ಶಿವಾನಂದ, ಕಸ್ತೂರಿ ಇಬ್ಬರೂ ನನ್ನ ಕಡೆ ತಿರುಗಿದರು. ಯಾರೂ ನನ್ನ ಮಾತನ್ನು ಮುಗಿಸಲಿಲ್ಲ. ನೀಲಾ ನನ್ನ ಮುಖವನ್ನೇ ನೋಡುತ್ತಿದ್ದಳು, ಎಷ್ಟು ಹೊತ್ತಾದರೂ ಆಗಲಿ ಎನ್ನುವಂತೆ.

"ಭಾಳ ಛಲೋ ಆತವಾ," ಎಂದೆ ಕೊನೆಗೆ.

ಅವಳು ತಲೆಯಾಡಿಸಿ ತನ್ನ ತಾಟಿನ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ತಾಟಿಗೆ ಹಾಕಿದಳು. ಎಲ್ಲರೂ ಉಣ್ಣತೊಡಗಿದೆವು.