ಚೀಲ ನೆಲ ಮುಟ್ಟಿದ ಮೇಲೆ

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಪ್ರತಿ ವರ್ಷವೂ ಒಂದೇ ಲೆಕ್ಕದಲ್ಲಿ ತಲೆ ಕೆಡುತ್ತದೆ. ಡ್ರಮ್ಮಿಗೆ ಹಗ್ಗ ಸುತ್ತಿದೆ, ಹಗ್ಗದ ತುದಿಯಲ್ಲಿ ಭಾರ ತೂಗುತ್ತಿದೆ. ಕೈಬಿಟ್ಟರೆ ಭಾರ ಇಳಿಯುತ್ತದೆ, ಡ್ರಮ್ ತಿರುಗುತ್ತದೆ. ಹಗ್ಗದ ಎಳೆತ ಭಾರದ ತೂಕದಷ್ಟೇ ಎಂದು ಅರ್ಧ ಕ್ಲಾಸು ಬರೆಯುತ್ತದೆ. ಅಷ್ಟೇ ಇದ್ದರೆ ಭಾರ ಜಾಗ ಬಿಟ್ಟು ಕದಲುವುದೇ ಇಲ್ಲ ಕಣ್ರೋ ಎಂದು ರೇಗಿದರೆ ತಿದ್ದಿಕೊಳ್ಳುತ್ತಾರೆ. ಅದರ ಮುಂದಿನ ತಪ್ಪನ್ನು ತಿದ್ದುವುದು ಮಾತ್ರ ನನಗೆ ಇವತ್ತಿಗೂ ಸಾಧ್ಯವಾಗಿಲ್ಲ. ಭಾರ ನೆಲ ಮುಟ್ಟಿತು ಅಂದರೆ ಸಾಕು, ಎಲ್ಲರೂ ಪೆನ್ನು ಕೆಳಗಿಡುತ್ತಾರೆ. ಆಮೇಲೆ ಡ್ರಮ್ ಎಷ್ಟು ಸುತ್ತು ತಿರುಗಿ ನಿಂತಿತು ಎಂಬ ಕೊನೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

"ಭಾರನೇ ಇಳಿದೋಯ್ತಲ್ಲ ಮೇಡಂ, ಇನ್ಯಾಕ್ ತಿರುಗ್ತದೆ?" ಎಂದು ಈ ವರ್ಷವೂ ಒಬ್ಬಳು ಕೇಳಿದಳು.

ಎಂದಿನಂತೆ ರೇಗಲು ಬಾಯಿ ಬರಲಿಲ್ಲ. ಮನೆಯಲ್ಲಿ ಅವ್ವನ ವಿಷಯಕ್ಕೆ ಅಣ್ಣನೂ ಇದನ್ನೇ ಕೇಳುತ್ತಿದ್ದ.

ಅಪ್ಪ ಲಕ್ವ ಹೊಡೆದು ವರ್ಷಗಟ್ಟಲೆ ಮಂಚ ಹಿಡಿದಿದ್ದರು. ಮೈ ಹುಣ್ಣಾಗಬಾರದೆಂದು ಅವ್ವ ಹೊತ್ತುಹೊತ್ತಿಗೆ ಅವರ ಮಗ್ಗುಲು ಬದಲಿಸುತ್ತಿದ್ದಳು. ಕೊನೆಯವರೆಗೂ ಅವರ ಬೆನ್ನಿನ ಮೇಲೆ ಒಂದು ಗಾಯವೂ ಆಗಲಿಲ್ಲ. ಅಪ್ಪ ತೀರಿಕೊಂಡು ತಿಂಗಳುಗಳಾದರೂ ಅವ್ವನ ಓಡಾಟ ನಿಲ್ಲಲಿಲ್ಲ. ಅವರೆಕಾಯಿ ಸುಲಿಯುತ್ತ ಕೂತವಳು ಮಾತಿನ ಮಧ್ಯೆಯೇ ಎದ್ದು ಆ ಕೋಣೆಗೆ ಹೋಗುವಳು. ಖಾಲಿ ಮಂಚದ ದಿಂಬನ್ನು ಈ ಕಡೆಯಿಂದ ಆ ಕಡೆಗಿಟ್ಟು, ಹೊದಿಕೆ ಸರಿಮಾಡಿ, ಬಂದು ಮತ್ತೆ ಅವರೆಕಾಯಿಗೆ ಕೈ ಹಾಕುವಳು. ಅಳುತ್ತಿರಲಿಲ್ಲ. ನೋಡುವ ನನಗೇ ಭಯವಾಗುತ್ತಿತ್ತು.

ತುರುವೇಕೆರೆಯಲ್ಲಿರುವ ಅಣ್ಣನಿಗೆ ಭಯದ ಜೊತೆ ಅವಸರವೂ ಇತ್ತು. "ಆ ಮಂಚ ಕಣ್ಣೆದುರಿಗಿದ್ರೆ ಅವ್ವ ಸರಿಹೋಗಲ್ಲ ಕಣೇ. ಯಾರಿಗಾದ್ರೂ ಕೊಟ್ಬುಡ್ತೀನಿ" ಎಂದು, ಅಟ್ಟದಿಂದ ಕಾಯಿ ಇಳಿಸುವ ದಿನವೇ ಟೆಂಪೊ ಹಿಡಿದು ಬಂದ. ಬೇಡ ಅನ್ನಲು ನನ್ನಲ್ಲಿ ಕಾರಣವಿರಲಿಲ್ಲ, ಸರಿ ಅನ್ನಲು ಮನಸ್ಸು ಬರಲಿಲ್ಲ. ಮೊದಲು ಕಾಯಿ ಇಳಿಸೋಣ ಎಂದೆ.

ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವಷ್ಟರಲ್ಲಿ ಅದು ಉಂಡೆಕೊಬ್ಬರಿಯಾಗಿರುತ್ತದೆ. ಮೇಲಿನಿಂದ ಎಸೆದರೆ ಉಂಡೆ ಬಿರುಕು ಬಿಡುತ್ತದೆಂದು ಅಪ್ಪ ಅಟ್ಟದ ಬಾಯಿಗೆ ಒಂದು ಡ್ರಮ್ ಕೂರಿಸಿದ್ದರು. ತಗಡಿನ ಡ್ರಮ್ಮಿನೊಳಗೆ ಕಾಂಕ್ರೀಟ್, ಎರಡು ಕಡೆ ಬೇರಿಂಗ್. ಅದಕ್ಕೆ ಸುತ್ತಿದ ಹಗ್ಗದ ತುದಿಗೆ ಕಾಯಿಚೀಲ ಕಟ್ಟಿ ಇಳಿಬಿಡುತ್ತೇವೆ. ಡ್ರಮ್ ಭಾರವಿದ್ದಷ್ಟೂ ಚೀಲ ನಿಧಾನವಾಗಿ ಇಳಿಯುತ್ತದೆ. ಅಷ್ಟು ಮೆತ್ತಗೆ ಇಳಿಸಿದ ಡ್ರಮ್ ಆಮೇಲೆ ಬೇಗ ನಿಲ್ಲುವುದೂ ಇಲ್ಲ. ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ, ಆದರೆ ಅವ್ವನನ್ನು ನೆನೆದು ಬರೆದಿರಲಿಲ್ಲ.

ಅಣ್ಣ ಅಟ್ಟದ ಮೇಲೆ, ನಾನು ಕೆಳಗೆ. ಮೊದಲ ಚೀಲ ಬಂದು ನೆಲದ ಮೇಲೆ ಕೂತಿತು, ಹಗ್ಗ ಸಡಿಲವಾಯಿತು. ಡ್ರಮ್ ಮಾತ್ರ ತಿರುಗುತ್ತಲೇ ಇತ್ತು. ಹಗ್ಗವೆಲ್ಲ ಬಿಚ್ಚಿಹೋಗಿ ತಿರುಗಾಮುರುಗಾ ಸುತ್ತಿಕೊಳ್ಳತೊಡಗಿದಾಗ ಅಣ್ಣ ತಡೆಯಲಾರದೆ ಅದನ್ನು ಬರಿಗೈಲಿ ಅದುಮಿ ಹಿಡಿದ. ತಗಡಿನ ಅಂಚು ಅಂಗೈ ಚರ್ಮವನ್ನು ಕಿತ್ತುಕೊಂಡು ಹೋಯಿತು.

ಕೂಗು ಕೇಳಿ ಅವ್ವ ಆ ಕೋಣೆಯಿಂದಲೇ ಓಡಿ ಬಂದಳು. "ತಿರುಗೋದ್ನ ಯಾಕ್ಲಾ ಹಿಡಿಯಾಕೋದೆ? ತಾನೇ ನಿಲ್ತಿರ್ಲಿಲ್ವಾ?" ಎಂದು ಬೈಯುತ್ತಲೇ ಅವನನ್ನು ಇಳಿಸಿ ಕೂರಿಸಿದಳು. ಗಾಯ ತೊಳೆದು, ಕೊಬ್ಬರಿ ಎಣ್ಣೆ ಸವರಿ, ಉಫ್ ಉಫ್ ಎಂದು ಊದಿದಳು. ಬಟ್ಟೆ ಬೇಕಾಯಿತು. ಯಾರಿಗೂ ಮುಟ್ಟಲು ಬಿಡದೆ ಮಡಿಸಿಟ್ಟಿದ್ದ ಅಪ್ಪನ ಪಂಚೆಯನ್ನು ತಂದು ಪರ್ ಎಂದು ಹರಿದಳು. ನಾನು ಬೆರಗಾಗಿ ನಿಂತುಬಿಟ್ಟೆ.

"ಒಸಿ ಹೊತ್ತು ಮಲಕ್ಕೋ ಹೋಗು" ಎಂದಳು. ಮನೆಯಲ್ಲಿ ಮಂಚವೆಂದರೆ ಅದೊಂದೇ. ಅಣ್ಣ ನನ್ನ ಮುಖ ನೋಡಿದ. ಆಮೇಲೆ ಹೋಗಿ ಮಲಗಿದ.

ಸಂಜೆಗೆ ಮುಂಚೆ ಅವ್ವ ಎಂದಿನಂತೆ ಎದ್ದು ಕೋಣೆಗೆ ಹೋದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಅಣ್ಣ ಪೆಟ್ಟಾದ ಕೈ ಮೇಲೆಯೇ ಮಲಗಿದ್ದ. ಅವ್ವ ಒಂದು ಗಳಿಗೆ ತಡೆದಳು. ಆಮೇಲೆ ಅಪ್ಪನಿಗೆ ಮಾಡುತ್ತಿದ್ದ ಹಾಗೆಯೇ ಅವನ ಭುಜದ ಕೆಳಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು, "ಈ ಕಡೆ ಮಗ್ಗುಲಾಗಪ್ಪ" ಎಂದಳು.

ನಲವತ್ತು ದಾಟಿದ ಅಣ್ಣ ಮಗುವಿನಂತೆ ಹೊರಳಿದ. ಅವನ ಕಣ್ಣು ತುಂಬಿತ್ತು. ಅವ್ವ ಹೊದಿಕೆ ಸರಿಮಾಡಿ ಹೊರಗೆ ಹೋದ ಮೇಲೆ, ಗೋಡೆ ಕಡೆ ಮುಖ ಮಾಡಿಯೇ ನನಗೆ ಹೇಳಿದ.

"ಟೆಂಪೊದೋನ್ನ ಕಳಿಸ್ಬುಡೇ. ಮಂಚ ಇಲ್ಲೇ ಇರ್ಲಿ."